ಗೌರಿಬಿದನೂರು ಕೇಳಿದ ಆಕಾಶ

ನಮ್ಮ ಮಕ್ಕಳ ಪಾಲಿಗೆ ಕನ್ನಡವೆಂದರೆ ಹಬ್ಬ, ಹಾಡು, ಹೋಳಿಗೆ. ವಿಜ್ಞಾನವೆಂದರೆ ಇಂಗ್ಲಿಷ್, ಹ್ಯೂಸ್ಟನ್, ನಾಸಾ. ಡಲ್ಲಾಸ್, ಆಸ್ಟಿನ್, ಟೇಲರ್‌ಗಳ ಕನ್ನಡ ಮನೆಗಳಲ್ಲಿ ಈ ವಿಂಗಡಣೆ ತಾನಾಗಿಯೇ ಬೇರೂರುತ್ತಿದೆ. ಅದು ಸತ್ಯವಲ್ಲವೆಂಬುದಕ್ಕೆ ಗೌರಿಬಿದನೂರು ಸಾಕ್ಷಿ.

ವಿದುರಾಶ್ವತ್ಥವಿರುವ ಆ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಭಾರತೀಯ ಖಭೌತ ಸಂಸ್ಥೆ ಹಾಗೂ ರಾಮನ್ ಸಂಶೋಧನಾ ಸಂಸ್ಥೆಗಳು ಕೂಡಿ ರೇಡಿಯೊ ದೂರದರ್ಶಕವೊಂದನ್ನು ನಿರ್ಮಿಸಿದವು. ಅದರಲ್ಲಿ ಬೋಗುಣಿಯಾಕಾರದ ಆಂಟೆನಾ ಇರಲಿಲ್ಲ. ಇಂಗ್ಲಿಷಿನ ‘ಟಿ’ ಅಕ್ಷರದಂತೆ ಹರಡಿದ 1000 ಡೈಪೋಲ್ ಆಂಟೆನಾಗಳಿದ್ದವು. ಪೂರ್ವ-ಪಶ್ಚಿಮ ತೋಳಿನ ಉದ್ದವೇ ಸುಮಾರು 1.4 ಕಿಲೋಮೀಟರ್. ಆಲಿಸಿದ ಕಂಪನಾಂಕ 34.5 ಮೆಗಾಹರ್ಟ್ಸ್, ಅಲೆಯ ಉದ್ದ 8.7 ಮೀಟರ್.

ಅಲೆ ಉದ್ದವಾದಷ್ಟೂ ಸ್ಫುಟ ಚಿತ್ರಕ್ಕೆ ದೂರದರ್ಶಕ ಹಿರಿದಾಗಬೇಕು. ಅಷ್ಟಗಲದ ಬೋಗುಣಿಯನ್ನು ಕಟ್ಟುವುದು ದುಸ್ಸಾಧ್ಯ. ಆದರೆ ಬಯಲಿನಲ್ಲಿ ಕಂಬ ನೆಟ್ಟು, ತಂತಿ ಬಿಗಿದು, ಹಲವು ಆಂಟೆನಾಗಳ ಸಂಕೇತಗಳನ್ನು ಗಣಿತದಿಂದ ಹೆಣೆಯಬಹುದು. ಭೂಮಿ ತಿರುಗಿದಂತೆ ಆಕಾಶವೇ ಆಂಟೆನಾಗಳ ಮೇಲೆ ಸಾಗಿಹೋಗುತ್ತದೆ. ಹೀಗೆ ದೊರೆತ ವಿಶಾಲ ಆಕಾಶಪಟವನ್ನು ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಪ್ರಕಟಿಸಿದರು. ಹೆಚ್ಚುಕಡಿಮೆ ಚಂದ್ರಬಿಂಬದಷ್ಟು ಅಗಲದ ವಿವರಗಳು ಅದರಲ್ಲಿ ಬೇರ್ಪಟ್ಟು ಕಾಣುತ್ತವೆ.

ನಾವು ನೆಲೆಸಿರುವ ಟೆಕ್ಸಸ್ಸಿಗೂ ಇಂಥದೇ ಚರಿತ್ರೆಯುಂಟು. ಮಾರ್ಫಾ ಊರಿನ ಬಳಿಯ ಟೆಕ್ಸಸ್ ವಿಶ್ವವಿದ್ಯಾಲಯದ ಆಂಟೆನಾ ಸಮೂಹವು 1974ರಿಂದ 1983ರವರೆಗೆ 365 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಸಮೀಕ್ಷಿಸಿತು. ಜೇಮ್ಸ್ ಡಗ್ಲಸ್ ಮತ್ತು ಸಂಗಡಿಗರ ಪಟ್ಟಿಯಲ್ಲಿ 66,841 ರೇಡಿಯೊ ಆಕರಗಳಿವೆ. ಸರಿಸುಮಾರು ಒಂದೇ ಕಾಲದಲ್ಲಿ ನಮ್ಮ ಎರಡು ನಾಡುಗಳೂ ಒಂದೇ ಆಕಾಶಕ್ಕೆ ಕಿವಿಗೊಟ್ಟಿದ್ದವು.

ಇದನ್ನು ಮಕ್ಕಳಿಗೆ ಕನ್ನಡದಲ್ಲೇ ಹೇಳಬೇಕು. ಪಾರಿಭಾಷಿಕ ಪದಗಳೆಲ್ಲಿ ಎಂಬ ಆಕ್ಷೇಪ ಬರಬಹುದು. ಅಲೆ, ತಂತಿ, ಕಂಪನಾಂಕ, ದೂರದರ್ಶಕ ನಮ್ಮಲ್ಲಿವೆ. ಡೈಪೋಲ್, ಮೆಗಾಹರ್ಟ್ಸ್ ಹಾಗೆಯೇ ಬರಲಿ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ದೊರೆತದ್ದು ಕನ್ನಡದ ನೆಲದಲ್ಲೇ. ಹೊಸತನ್ನು ಹೆಸರಿಸಲು ಅಂಜದ ನಾಡು ನಮ್ಮದು.

ಆದ್ದರಿಂದ ಸದಸ್ಯ ಕುಟುಂಬಗಳಲ್ಲಿ ಎರಡು ವಿನಂತಿಗಳು. ನಮ್ಮ ಕನ್ನಡ ತರಗತಿಗಳಲ್ಲಿ ತಿಂಗಳಿಗೊಂದಾದರೂ ವಿಜ್ಞಾನಪಾಠ ನಡೆಯಲಿ. ಪ್ರತಿದಿನ ಅದೇ ವೃತ್ತಿಯಲ್ಲಿರುವ ತಾಯ್ತಂದೆಯರು ನಮ್ಮಲ್ಲಿ ಅನೇಕರಿದ್ದಾರೆ. ಬೇಸಿಗೆ ರಜೆಗೆ ಊರಿಗೆ ಹೋದಾಗ ನಂದಿಬೆಟ್ಟದ ದಾರಿಯನ್ನು ಗೌರಿಬಿದನೂರಿನವರೆಗೂ ಬೆಳೆಸಿ. ವೀಕ್ಷಣಾಲಯ ನೋಡುವ ಇಚ್ಛೆಯಿದ್ದರೆ ಸಂಸ್ಥೆಗೆ ಮೊದಲೇ ಬರೆದು ಅನುಮತಿ ಕೋರಿರಿ. ಅಜ್ಜಿಯ ಭಾಷೆಯಲ್ಲಿ ನಕ್ಷತ್ರಲೋಕವನ್ನೂ ಅರಿಯಬಹುದೆಂದು ತಿಳಿದ ಮಗು ಆ ಭಾಷೆಯನ್ನು ಸುಲಭವಾಗಿ ಬಿಟ್ಟುಕೊಡದು.