ನಾಯಿಗೂ ಒಂದನೆಯ ದರ್ಜೆ!

ಜನಕ್ಕೇ ಹೊಟ್ಟೆ ತುಂಬ ಅನ್ನವಿಲ್ಲದ ನಾಡಿನಲ್ಲಿ ನಾಯಿಯ ಪ್ರವಾಸದ ಬಗ್ಗೆ ಬರೆಯುವಷ್ಟು ಪುರಸೊತ್ತು ಸಮಾಜವಾದಿಗಳಿಗೆ ಎಲ್ಲಿಂದ ಬಂತು ಎಂದು ಕೆಲವು ಮಿತ್ರರು ಕೇಳಿಯಾರು. ಕೇಳಲಿ. ನಾಯಿಗೆ ಜಾತಿಯೂ ಇಲ್ಲ, ವರ್ಗವೂ ಇಲ್ಲ. ಅದನ್ನು ಸಾಕಿದವನಿಗೆ ಎರಡೂ ಉಂಟು. ಯಜಮಾನನ ಜೇಬು ನೋಡಿ ನಾಯಿಯ ಹಕ್ಕನ್ನು ನಿರ್ಧರಿಸುವ ಕಾಯಿದೆ ಈ ದೇಶದಲ್ಲಿ ಇರುವಾಗ ಆ ವಿಚಾರ ನಮ್ಮದೂ ಹೌದು.

ರಜೆ ಬಂತೆಂದರೆ ಬೆಂಗಳೂರಿನಿಂದ ಮಂಗಳೂರು, ಮಲ್ಪೆ, ಕಾರವಾರಗಳ ಕಡೆಗೆ ಮೋಟಾರುಗಳ ಸಾಲು ಹೊರಡುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳ ಜೊತೆಗೆ ನಾಯಿಯೂ ಕೂತಿರುತ್ತದೆ. ಸಮುದ್ರದ ದಂಡೆಯ ಕೆಲವು ವಸತಿಗೃಹಗಳು ನಾಯಿಯನ್ನೂ ಕರೆತನ್ನಿ ಎಂದು ಪ್ರಚಾರ ಮಾಡುತ್ತವೆ. ಇದಕ್ಕೆ ನಮ್ಮ ತಕರಾರೇನೂ ಇಲ್ಲ. ಮನೆಯವರೆಲ್ಲ ಸಮುದ್ರ ನೋಡಲು ಹೋದಾಗ ನಾಯಿಯೊಂದನ್ನೇ ಬಾಗಿಲಿಗೆ ಕಟ್ಟಿ ಬರುವುದು ಒಳ್ಳೆಯದೆಂದು ಯಾರೂ ಹೇಳುವುದಿಲ್ಲ.

ಆದರೆ ಅದೇ ಮಂಗಳೂರಿಗೆ ಬೇರೊಂದು ಜನವೂ ಬರುತ್ತದೆ. ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರುಗಳ ಮಳೆಯಾಶ್ರಿತ ಹೊಲದಲ್ಲಿ ಬೆಳೆ ಕೈಕೊಟ್ಟಾಗ ಕುಟುಂಬ ಸಮೇತ ಕಟ್ಟಡದ ಕೆಲಸಕ್ಕೆ ಬರುವ ಜನ. ಇವರು ಬರುವುದು ಸಮುದ್ರ ನೋಡಲಿಕ್ಕಲ್ಲ. ಅವರ ಮನೆಯಲ್ಲೂ ಒಂದು ನಾಯಿ ಇರುತ್ತದೆ, ಅದಕ್ಕೆ ಕೆಲಸವೂ ಇರುತ್ತದೆ. ತಾಯಿ ತಲೆಯ ಮೇಲೆ ಕಾಂಕ್ರೀಟಿನ ಬಾಂಡಲಿ ಹೊತ್ತಿರುವಾಗ ತಗಡಿನ ಶೆಡ್ಡಿನ ಮುಂದೆ ಮಲಗಿ ಕೂಸನ್ನು ಕಾಯುವುದು ಅದೇ. ರಾತ್ರಿ ಬಾಗಿಲಿಲ್ಲದ ಗುಡಿಸಲಿಗೆ ಬಾಗಿಲಾಗುವುದೂ ಅದೇ.

ಈ ಕುಟುಂಬ ನಾಯಿಯನ್ನು ಹೇಗೆ ತರಬೇಕು? ರೈಲ್ವೆಯ ನಿಯಮ ಹೀಗಿದೆ. ಬೆಳೆದ ನಾಯಿಯನ್ನು ತನ್ನ ಜೊತೆಯಲ್ಲೇ ಕೂರಿಸಿಕೊಂಡು ಹೋಗಬೇಕಾದರೆ ಒಂದನೆಯ ದರ್ಜೆಯ ಟಿಕೆಟ್ ಬೇಕು. ಅಷ್ಟೇ ಸಾಲದು, ಎರಡು ಬರ್ತಿನ ಕೂಪೆಯೋ ನಾಲ್ಕು ಬರ್ತಿನ ಕೋಣೆಯೋ ಪೂರ್ತಿ ತನ್ನ ಹೆಸರಿಗೇ ಇರಬೇಕು. ಎರಡನೆಯ ದರ್ಜೆಯಲ್ಲಿ, ಸ್ಲೀಪರಿನಲ್ಲಿ, ಜನರಲ್ ಡಬ್ಬಿಯಲ್ಲಿ ಅದಕ್ಕೆ ಪ್ರವೇಶವಿಲ್ಲ. ಉಳಿದದ್ದು ಗಾರ್ಡಿನ ವ್ಯಾನಿನ ನಾಯಿಪೆಟ್ಟಿಗೆ. ಅದಕ್ಕೂ ಮೊದಲೇ ಪಾರ್ಸೆಲ್ ಆಫೀಸಿಗೆ ಹೋಗಬೇಕು, ಪಶುವೈದ್ಯರ ಕಾಗದ ತೋರಿಸಬೇಕು, ತೂಕದ ಲೆಕ್ಕದಲ್ಲಿ ಬಾಡಿಗೆ ಕಟ್ಟಬೇಕು. ಗಂಟುಮೂಟೆ, ಮಕ್ಕಳನ್ನು ಕಟ್ಟಿಕೊಂಡು ಗಾಡಿ ಬರುವ ಹೊತ್ತಿಗೆ ಸ್ಟೇಷನ್ ಸೇರುವ ಕೂಲಿಕಾರನಿಗೆ ಇದೆಲ್ಲ ಆಗುವ ಮಾತೆ?

ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗದ ರಥ ಹತ್ತಲು ಒಪ್ಪಲಿಲ್ಲವೆಂಬ ಕಥೆಯನ್ನು ನಾವೆಲ್ಲ ಚಿಕ್ಕಂದಿನಲ್ಲೇ ಕೇಳಿದ್ದೇವೆ. ಧರ್ಮದೇವತೆ ಕಡೆಗೆ ಅವನ ಧರ್ಮವನ್ನು ಮೆಚ್ಚಿದ. ನಮ್ಮ ರೈಲ್ವೆಯವರು ಆ ರಥದ ಬಾಗಿಲಲ್ಲಿ ನಿಂತಿದ್ದರೆ ಧರ್ಮವನ್ನು ವಿಚಾರಿಸುತ್ತಿರಲಿಲ್ಲ, ಒಂದನೆಯ ದರ್ಜೆಯ ಟಿಕೆಟ್ ಎಲ್ಲಿ ಎಂದು ಕೇಳುತ್ತಿದ್ದರು.

ನಮ್ಮದೇ ಸರ್ಕಾರಿ ಬಸ್ಸು ಇದಕ್ಕಿಂತ ಮೇಲು. ಕರ್ನಾಟಕ ರಸ್ತೆ ಸಾರಿಗೆ ನಿಗಮ 2022ರಲ್ಲಿ ನಾಯಿಯ ದರವನ್ನು ಪೂರ್ತಿ ಟಿಕೆಟ್ಟಿನಿಂದ ಅರ್ಧ ಟಿಕೆಟ್ಟಿಗೆ ಇಳಿಸಿತು. ಅದೂ ಸಾಮಾನ್ಯ ಬಸ್ಸಿನಲ್ಲಿ ಮಾತ್ರ, ಐಷಾರಾಮಿ ಬಸ್ಸಿನಲ್ಲಿ ಅಲ್ಲ. ನೋಡಿ, ಬಡವರ ಬಸ್ಸಿನಲ್ಲಿ ನಾಯಿಗೆ ಜಾಗವಿದೆ, ರೈಲಿನಲ್ಲಿ ಮಾತ್ರ ಶ್ರೀಮಂತರ ಡಬ್ಬಿಯಲ್ಲಷ್ಟೇ ಇದೆ. ನಾಯಿಯ ಜೊತೆ ಪ್ರಯಾಣವೇ ಅಸಾಧ್ಯವೆಂದಿದ್ದರೆ ಬಸ್ಸಿನಲ್ಲಿ ಹೇಗೆ ಸಾಧ್ಯವಾಯಿತು? ನಾಯಿ ಕೊಳಕು ಎನ್ನುವುದಾದರೆ ಒಂದನೆಯ ದರ್ಜೆಯಲ್ಲಿ ಅದು ಹೇಗೆ ಶುದ್ಧವಾಯಿತು?

ಸಮಾಜವಾದಿಗಳು ನಾಯಿಯ ಲೆಕ್ಕ ಕೇಳುವುದು ಹೊಸದಲ್ಲ. 1963ರಲ್ಲಿ ಡಾ. ರಾಮಮನೋಹರ ಲೋಹಿಯಾ ಲೋಕಸಭೆಯಲ್ಲಿ ಎದ್ದು ನಿಂತು, ಈ ದೇಶದ ಇಪ್ಪತ್ತೇಳು ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ, ಪ್ರಧಾನಿಯ ನಾಯಿಗೆ ದಿನಕ್ಕೆ ಮೂರು ರೂಪಾಯಿ ಖರ್ಚಾಗುತ್ತದೆ ಎಂದರು. ಸಭೆ ಕೆರಳಿತು. ಲೋಹಿಯಾ ಅವರಿಗೆ ನಾಯಿಯ ಮೇಲೆ ಹಗೆಯಿರಲಿಲ್ಲ. ಮನುಷ್ಯ ಮನುಷ್ಯರ ನಡುವಿನ ಅಂತರವನ್ನು ಅಳೆಯಲು ಅದೊಂದು ಅಳತೆಗೋಲಾಯಿತು. ರೈಲಿನಲ್ಲಿ ಮೂರನೆಯ ದರ್ಜೆಯೆಂಬ ಹೆಸರು 1974ರಲ್ಲಿ ಹೋಯಿತು. ಅಂತರ ಹೋಗಲಿಲ್ಲ. ಅದೇ ಅಳತೆಗೋಲನ್ನು ಇಂದು ಹಿಡಿದು ನೋಡಿದರೂ ತಿಳಿಯುತ್ತದೆ.

ನಿಯಮದ ಫಲವೇನು? ನಾಯಿ ಊರಿನಲ್ಲೇ ಉಳಿಯುತ್ತದೆ. ಬೀಗ ಹಾಕಿದ ಮನೆಯ ಮುಂದೆ ನಾಲ್ಕು ದಿನ ಕಾದು, ಐದನೆಯ ದಿನ ಬೀದಿಗೆ ಇಳಿಯುತ್ತದೆ. ಲಾರಿಯವರ ಕೈಕಾಲು ಹಿಡಿದು ನಾಯಿಯನ್ನು ಪಟ್ಟಣಕ್ಕೆ ತಂದವನು ಕೆಲಸ ಮುಗಿದು ಮುಂದಿನ ಊರಿಗೆ ಹೊರಟಾಗ ಅಲ್ಲಿಯೇ ಬಿಟ್ಟು ಹೋಗುತ್ತಾನೆ. ಎರಡೂ ಕಡೆ ಅದಕ್ಕೆ ಬೀದಿನಾಯಿಯೆಂಬ ಹೆಸರು ಬರುತ್ತದೆ. ಆಮೇಲೆ ಪಟ್ಟಣದವರು, ಈ ಕೂಲಿ ಜನರಿಂದಲೇ ಬೀದಿನಾಯಿಗಳ ಕಾಟ ಎನ್ನುತ್ತಾರೆ!

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆಗೆಯಬೇಕು, ತಿರುಗಿ ಅಲ್ಲಿಗೆ ಬಿಡಕೂಡದು ಎಂದು ಆಜ್ಞೆ ಮಾಡಿತು. ಶಾಲೆಯ ಮಕ್ಕಳು ನಿರ್ಭಯವಾಗಿ ನಡೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಿಲ್ದಾಣದಲ್ಲಿ ಗಂಟಿನ ಪಕ್ಕದಲ್ಲಿ ಮಲಗಿದ, ಕೊರಳಿಗೆ ಪಟ್ಟಿಯಿಲ್ಲದ ಕೂಲಿಕಾರನ ನಾಯಿಯನ್ನು ಬೀದಿನಾಯಿಯಿಂದ ಬೇರೆ ಮಾಡಿ ಗುರುತಿಸುವವರಾರು? ಕರಾವಳಿಯ ಇನ್ನೊಂದು ನಗರ ಈ ಪಾಠವನ್ನು ಹಿಂದೆಯೇ ಕಲಿಸಿದೆ. ಕಂಪನಿ ಸರ್ಕಾರದ ಬೊಂಬಾಯಿಯಲ್ಲಿ ನಾಯಿ ಹಿಡಿಯುವವರಿಗೆ ತಲೆಗೆ ಇಷ್ಟೆಂದು ಹಣ ಕೊಡುವ ಪದ್ಧತಿಯಿತ್ತು. ಹಣದಾಸೆಗೆ ಅವರು ಮನೆಯ ನಾಯಿಗಳಿಗೂ ಕೈಹಾಕಿದರು. 1832ರ ಜೂನ್ 6ರಂದು ಪಾರ್ಸಿಗಳು ರೊಚ್ಚಿಗೆದ್ದರು. ಅಂಗಡಿಗಳು ಮುಚ್ಚಿದವು, ಕೋಟೆಯೊಳಗಿನ ವ್ಯವಹಾರ ನಿಂತಿತು. ವ್ಯಾಪಾರಿಗಳ ನಾಯಿಯಾದ್ದರಿಂದ ಸರ್ಕಾರಕ್ಕೆ ಕೇಳಿಸಿತು. ಕೂಲಿಯವನ ನಾಯಿಗಾಗಿ ಯಾವ ಪೇಟೆ ಮುಚ್ಚೀತು?

ಇದು ಕರುಣೆಯ ಮಾತಷ್ಟೇ ಅಲ್ಲ, ಪ್ರಾಣದ ಮಾತು. ರೇಬೀಸಿನ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೆಂದೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ರೇಬೀಸ್ ಸಾವುಗಳಲ್ಲಿ ನೂರಕ್ಕೆ 36 ಭಾರತದವು. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ 40 ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು. ಕಚ್ಚಿದ ಗಾಯವನ್ನು ಕೂಡಲೆ ಸಾಬೂನು ಹಚ್ಚಿ ಕಾಲು ಗಂಟೆ ಹರಿಯುವ ನೀರಿನಲ್ಲಿ ತೊಳೆಯಬೇಕು, ಅಂದೇ ಆಸ್ಪತ್ರೆಗೆ ಹೋಗಬೇಕು, ಹೇಳಿದ ದಿನಗಳಿಗೆ ಸರಿಯಾಗಿ ಚುಚ್ಚುಮದ್ದು ಮುಗಿಸಬೇಕು. ದಿನಗೂಲಿ ಬಿಟ್ಟು ನಾಲ್ಕೈದು ಬಾರಿ ಆಸ್ಪತ್ರೆಗೆ ಅಲೆಯುವುದು ಶೆಡ್ಡಿನ ತಾಯಿಗೆ ಎಷ್ಟು ಕಷ್ಟವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಮದ್ದು ದೂರದಲ್ಲಿಲ್ಲ. ನೆರೆಯ ಗೋವೆಯೂ ಕರಾವಳಿಯೇ, ಅಲ್ಲಿಯೂ ಪ್ರವಾಸಿಗಳು, ಕೂಲಿಗಳು, ನಾಯಿಗಳು ತುಂಬಿದ್ದಾರೆ. 2013ರಿಂದ ಅಲ್ಲಿ ಬೀದಿಬೀದಿಗೆ, ಮನೆಮನೆಗೆ ಹೋಗಿ ನಾಯಿಗಳಿಗೆ ಲಸಿಕೆ ಹಾಕತೊಡಗಿದರು. 2019ರ ಹೊತ್ತಿಗೆ ನಾಯಿಗಳ ರೇಬೀಸು ನೂರಕ್ಕೆ 92ರಷ್ಟು ತಗ್ಗಿತು. ನಾಯಿಯ ಯಜಮಾನ ಯಾರೆಂದು ಅವರು ಮೊದಲು ಕೇಳಲಿಲ್ಲ, ಸೂಜಿ ಹಾಕಿದರು. ವರ್ಷಕ್ಕೊಮ್ಮೆ ಸೆಪ್ಟೆಂಬರ್ 28ರಂದು ಶಿಬಿರ ನಡೆಸಿ ಫೋಟೋ ತೆಗೆಸಿಕೊಂಡರೆ ಈ ಫಲ ಬರುವುದಿಲ್ಲ.

ಹಾಗೆಂದು ಬಡವನ ನಾಯಿಗೆ ನಿಯಮವೇ ಬೇಡವೆಂದು ನಾವು ಹೇಳುತ್ತಿಲ್ಲ. ನಿಯಮ ಇರಲಿ, ಇಬ್ಬರಿಗೂ ಒಂದೇ ಇರಲಿ. ಮೋಟಾರಿನಲ್ಲಿ ಬಂದ ನಾಯಿಯನ್ನು ಮಲ್ಪೆಯ ಮರಳಿನಲ್ಲಿ ಹಗ್ಗ ಬಿಚ್ಚಿ ಓಡಿಸುವವರು ಅಲ್ಲಿ ಒಣಗಲು ಹರಡಿದ ಮೀನು ಒಬ್ಬ ಹೆಂಗಸಿನ ವಾರದ ಸಂಪಾದನೆ ಎಂಬುದನ್ನು ತಿಳಿಯಬೇಕು. ಚಳಿಗಾಲದಲ್ಲಿ ಕಡಲಾಮೆ ನಮ್ಮ ದಂಡೆಗೆ ಬಂದು ಮರಳು ತೋಡಿ ಸುಮಾರು ನೂರು ಮೊಟ್ಟೆ ಇಟ್ಟು ಹೋಗುತ್ತದೆ. ಅವು ಒಡೆಯಲು ಏಳೆಂಟು ವಾರ ಬೇಕು. ಮೂಸಿ ಕೆದಕುವ ನಾಯಿ ಬೀದಿಯದಾದರೂ ಬಂಗಲೆಯದಾದರೂ ಗೂಡಿಗೆ ಆಗುವ ನಷ್ಟ ಒಂದೇ. ಕೊರಳಿಗೆ ಪಟ್ಟಿ, ಕೈಯಲ್ಲಿ ಹಗ್ಗ, ಜೊತೆಯಲ್ಲಿ ಕುಡಿಯುವ ನೀರು, ಲಸಿಕೆಯ ಚೀಟಿ, ಮಲವನ್ನು ಎತ್ತಿ ಹಾಕುವ ಸೌಜನ್ಯ, ಇಷ್ಟನ್ನು ಎಲ್ಲರಿಂದಲೂ ಕೇಳೋಣ.

ಜನರಲ್ ಡಬ್ಬಿಯಲ್ಲಿ ಮನುಷ್ಯರಿಗೇ ಕಾಲಿಡಲು ಜಾಗವಿಲ್ಲ, ನಾಯಿಯನ್ನು ಎಲ್ಲಿ ತುರುಕುತ್ತೀರಿ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಜಾಗ ಯಾಕಿಲ್ಲವೆಂದು ಕೇಳುವುದು ಅದಕ್ಕಿಂತ ನ್ಯಾಯವಾದದ್ದು. ಒಬ್ಬ ಯಜಮಾನ ಮತ್ತು ಅವನ ನಾಯಿಗೆ ಒಂದು ಕೋಣೆ ಕೊಡಬಲ್ಲ ರೈಲು, ನೂರಾರು ಕೂಲಿಕಾರರಿಗೆ ಇನ್ನೆರಡು ಡಬ್ಬಿ ಯಾಕೆ ಜೋಡಿಸಲಾರದು?

ಆದಕಾರಣ ನಮ್ಮ ಒತ್ತಾಯ ಇಷ್ಟು. ವಿಜಯಪುರದಿಂದ ಮಂಗಳೂರಿಗೆ ಹೋಗುವಂಥ, ದುಡಿಯುವ ಜನರೇ ತುಂಬುವ ಗಾಡಿಗಳಿಗೆ ಜನರಲ್ ಡಬ್ಬಿಗಳನ್ನು ಹೆಚ್ಚಿಸಬೇಕು. ಅವುಗಳಲ್ಲಿ ಒಂದರ ತುದಿಯಲ್ಲಿ ನಾಯಿ, ಮೇಕೆ, ಕೋಳಿ ಇರುವ ಕುಟುಂಬಗಳಿಗೆ ಗಾಳಿಯಾಡುವ ಒಂದು ಅಂಕಣ ಬಿಡಬೇಕು. ಬಸ್ಸಿನಂತೆಯೇ ಅರ್ಧ ಟಿಕೆಟ್ಟನ್ನು ಕಿಟಕಿಯಲ್ಲೇ ಕೊಡಬೇಕು. ಕಟ್ಟಡದ ಗುತ್ತಿಗೆದಾರನ ಶೆಡ್ಡಿಗೆ ನಗರಸಭೆಯ ಲಸಿಕೆಯವರು ಹೋಗಿ, ಅಲ್ಲಿಯ ನಾಯಿಗಳಿಗೆ ಪುಕ್ಕಟೆ ಸೂಜಿ ಹಾಕಿ ಪಟ್ಟಿ ಕಟ್ಟಬೇಕು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ರೇಬೀಸಿನ ಮದ್ದು ವರ್ಷವಿಡೀ ಇರಬೇಕು.

ಇವು ದೊಡ್ಡ ಬೇಡಿಕೆಗಳಲ್ಲ. ಮುಂದಿನ ಸುಗ್ಗಿ ಮುಗಿದು ಜನ ಗುಳೆ ಹೊರಡುವ ಮೊದಲು ನಮ್ಮ ಕಾರ್ಯಕರ್ತರು ತಮ್ಮ ತಮ್ಮ ಊರಿನ ಸ್ಟೇಷನ್ ಮಾಸ್ತರರಿಗೂ, ನಗರಸಭೆಗೂ ಈ ಮನವಿಯನ್ನು ಸಹಿ ಮಾಡಿಸಿ ಕೊಡಬೇಕು. ಸಹಿ ಹಾಕಲು ಬಾರದವರ ಹೆಬ್ಬೆಟ್ಟೂ ಆಗುತ್ತದೆ.