ವಿನೆಗರ್ ತೋರಿಸುವ ಬಿಳಿ ಕಲೆ

ವಿನೆಗರ್ ಬಾಟಲಿ ಈಗ ಸಣ್ಣ ಊರಿನ ಅಡುಗೆಮನೆಗಳಿಗೂ ಬಂದುಬಿಟ್ಟಿದೆ. "ಅದನ್ನೇ ಹಚ್ಚಿ ಕ್ಯಾನ್ಸರ್ ಇದೆಯೋ ಇಲ್ಲವೋ ನೋಡ್ತಾರಂತೆ, ಇದೇನು ತಮಾಷೆಯೇ?" ಎಂದು ಓದುಗ ಸೋದರಿಯೊಬ್ಬರು ಕೇಳಿದ್ದಾರೆ. ತಮಾಷೆಯಲ್ಲ ತಾಯೀ, ನಿಜವೇ.

ಗರ್ಭಕೋಶದ ಕೊರಳಿನಲ್ಲಿ ಕ್ಯಾನ್ಸರ್ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಜೀವಕೋಶಗಳು ಕೆಡಲು ಶುರುವಾಗಿ ಅದು ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ 10 ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಆಗ ಸಿಕ್ಕಿಬಿದ್ದರೆ ಸಣ್ಣ ಚಿಕಿತ್ಸೆಯಲ್ಲೇ ಮುಗಿದುಹೋಗುತ್ತದೆ. ಆದರೆ ಆಗ ನೋವಿಲ್ಲ, ರಕ್ತವಿಲ್ಲ. ಕೆಟ್ಟ ಜಾಗವೂ ಗುಲಾಬಿ, ಒಳ್ಳೆಯದೂ ಗುಲಾಬಿ. ಕಣ್ಣಿಗೆ ಕಾಣುವುದು ಹೇಗೆ?

1925ರಲ್ಲಿ ಜರ್ಮನಿಯ ಹಾನ್ಸ್ ಹಿನ್ಸೆಲ್ಮನ್ ಎಂಬ ವೈದ್ಯ ಭೂತಗನ್ನಡಿಗೂ ದೀಪಕ್ಕೂ ಗಂಟು ಹಾಕಿ ಕಾಲ್ಪೋಸ್ಕೋಪ್ ಎಂಬ ಯಂತ್ರ ಮಾಡಿದ. (ಜಿಪ್ಸಿ ಹೆಂಗಸರಿಗೆ ಬಲವಂತದ ಸಂತಾನಹರಣ ಮಾಡಿದ್ದಕ್ಕೆ ಯುದ್ಧದ ನಂತರ ಇದೇ ಮನುಷ್ಯನಿಗೆ ಜೈಲಾಯಿತು. ಯಂತ್ರ ಒಳ್ಳೆಯದಿದ್ದ ಮಾತ್ರಕ್ಕೆ ಮಾಡಿದವ ಒಳ್ಳೆಯವನಾಗಬೇಕಿಲ್ಲ.) ಆದರೆ ಎಷ್ಟೇ ದೊಡ್ಡದು ಮಾಡಿ ನೋಡಿದರೂ ಗುಲಾಬಿಯ ಮೇಲಿನ ಗುಲಾಬಿ ಗುಲಾಬಿಯೇ. ಬಣ್ಣ ಬೇರೆಯಾಗಬೇಕು. ಆ ಕೆಲಸ ಮಾಡುವುದು ವಿನೆಗರ್‌ನಲ್ಲಿರುವ ಅಸೆಟಿಕ್ ಆಮ್ಲ. ನೂರಕ್ಕೆ 3ರಿಂದ 5 ಪಾಲು ಇರುವ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಹಚ್ಚಿ, ಒಂದು ನಿಮಿಷ ಕಾಯುತ್ತಾರೆ.

ಆಗುವುದೇನು? ಮೊಟ್ಟೆಯ ಲೋಳೆ ಹಸಿಯಾಗಿದ್ದಾಗ ನೀರಿನ ಹಾಗೆ ಪಾರದರ್ಶಕ, ಬೆಂದಾಗ ಬೆಳ್ಳಗೆ. ನಾವೇನು ಸುಣ್ಣ ಬಳಿದೆವೆಯೇ? ಪ್ರೋಟೀನು ಹೆಪ್ಪುಗಟ್ಟಿ, ಒಳಗೆ ಹೋಗುವ ಬೆಳಕನ್ನು ಹಿಂದಕ್ಕೆ ಚದುರಿಸುತ್ತದೆ, ಅಷ್ಟೆ. ಕೆಡುತ್ತಿರುವ ಜೀವಕೋಶಗಳಲ್ಲಿ ನಡುವಿನ ಬೀಜ ದೊಡ್ಡದು, ಪ್ರೋಟೀನು ಹೆಚ್ಚು. ಆಮ್ಲ ತಾಗಿದೊಡನೆ ಅಲ್ಲಿ ಮಾತ್ರ ಬಿಳಿ ಕಲೆ ಏಳುತ್ತದೆ, ಕೆಲವೇ ನಿಮಿಷದಲ್ಲಿ ಮಾಯವೂ ಆಗುತ್ತದೆ. ಅಯೋಡಿನ್ ಹಚ್ಚುವುದೂ ಉಂಟು: ಒಳ್ಳೆಯ ಜಾಗ ಕಂದಾಗುತ್ತದೆ, ಕೆಟ್ಟದ್ದು ಹಳದಿಯಾಗಿ ಉಳಿಯುತ್ತದೆ.

ಇನ್ನು ಹಸಿರು ಗಾಜು. ಹಸಿರು ಗಾಜಿನ ಮೂಲಕ ಕುಂಕುಮ ನೋಡಿ, ಕಪ್ಪಗೆ ಕಾಣುತ್ತದೆ. ಕಾಲ್ಪೋಸ್ಕೋಪಿನ ಹಸಿರು ಫಿಲ್ಟರ್‌ನಲ್ಲಿ ಕೂದಲಿನಂಥ ರಕ್ತನಾಳಗಳೂ ಹಾಗೇ ಕಪ್ಪು ಗೆರೆಗಳಾಗಿ ಎದ್ದು ಕಾಣುತ್ತವೆ. ಅವು ಅಡ್ಡಾದಿಡ್ಡಿ ಸೊಟ್ಟಗಿದ್ದರೆ ವೈದ್ಯರು ಎಚ್ಚರಗೊಳ್ಳುತ್ತಾರೆ.

ನನಗೆ ಬಹಳ ಹಿಡಿಸಿದ್ದು ಮುಂಬಯಿಯ ಸಂಗತಿ. ಅಲ್ಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿಕೊಂಡು ಒಂದು ಅಧ್ಯಯನ ಶುರುಮಾಡಿದರು. ಅರ್ಧದಷ್ಟು ಮಂದಿಗೆ ಎರಡು ವರ್ಷಕ್ಕೊಮ್ಮೆ ಈ ವಿನೆಗರ್ ಪರೀಕ್ಷೆ. ಮಾಡಿದವರು ಡಾಕ್ಟರರಲ್ಲ, ಹತ್ತನೇ ತರಗತಿ ಓದಿ, ನಾಲ್ಕು ವಾರ ತರಬೇತಿ ಪಡೆದ ಹೆಂಗಸರು! 2013ರಲ್ಲಿ ಲೆಕ್ಕ ಹೊರಬಂತು: ಪರೀಕ್ಷೆಯಾದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಕಡಿಮೆ.

ಬಿಳಿ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ, ಗಾಬರಿ ಬೇಡ. ಸೋಂಕು, ಉರಿಯೂತ ಇದ್ದರೂ ಬಿಳಿಯಾಗಬಹುದು. ಅದಕ್ಕೇ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಗೆ ಸರಿದಿರುತ್ತದೆ, ಈ ಪರೀಕ್ಷೆ ಅಷ್ಟು ನೆಚ್ಚುವಂತಿಲ್ಲ. ಅವರು ಎಚ್‌ಪಿವಿ ಪರೀಕ್ಷೆಯ ಬಗ್ಗೆ ಕೇಳುವುದು ಮೇಲು. ಮನೆಯ ಬಾಟಲಿಯಿಂದ ತಾವೇ ಪ್ರಯೋಗ ಮಾಡಲು ಮಾತ್ರ ಖಂಡಿತ ಹೋಗಬೇಡಿ.

ನಮ್ಮ ಸರ್ಕಾರದ 2016ರ ನಿಯಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಎಂದಿದೆ. "ಅಯ್ಯೋ, ನಾಚಿಕೆಯಪ್ಪಾ" ಅನ್ನುವವರೇ ಹೆಚ್ಚು. ಮಕ್ಕಳನ್ನು ಹೆತ್ತಾಗ ಇಲ್ಲದ ನಾಚಿಕೆ ಐದು ನಿಮಿಷಕ್ಕೆ ಯಾಕೆ ಬರಬೇಕೋ! ಸೂಜಿಯಿಲ್ಲ, ಮಂಪರಿನ ಔಷಧಿಯಿಲ್ಲ, ಸ್ವಲ್ಪ ಚುರುಗುಟ್ಟಬಹುದು. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ. ಒಬ್ಬರೇ ಹೋಗಲು ಮುಜುಗರವಾದರೆ ಪಕ್ಕದ ಮನೆಯವರನ್ನೂ ಕರೆದುಕೊಳ್ಳಿ, ಅವರದೂ ಆಗಿಹೋಗಲಿ.