ತಾಯಿ ತೊಟ್ಟ ಗಂಡುಡುಗೆ

ಈಜಿಪ್ಟಿನ ಲಕ್ಸರ್ ಪ್ರಾಂತದ ಸೀಸಾ ಅಬೂ ದೂಹ್ 1970ರ ದಶಕದಲ್ಲಿ, ಗರ್ಭಿಣಿಯಾಗಿದ್ದಾಗಲೇ ಪತಿಯನ್ನು ಕಳೆದುಕೊಂಡರು. ಓದು ಬರಹ ಬಾರದು. ಹೆಣ್ಣು ಹೊರಗೆ ದುಡಿಯುವುದನ್ನು ಸುತ್ತಲಿನವರು ಒಪ್ಪರು. ಮರುಮದುವೆಯಾಗೆಂದು ಸಹೋದರರು ಒತ್ತಾಯಿಸಿದರು. ಸೀಸಾ ಮಣಿಯಲಿಲ್ಲ, ಯಾರ ಮುಂದೆಯೂ ಕೈಯೊಡ್ಡಲಿಲ್ಲ. ತಲೆ ಬೋಳಿಸಿ, ಗಂಡಸರ ಸಡಿಲ ನಿಲುವಂಗಿ ತೊಟ್ಟು ಕೂಲಿಗೆ ಹೊರಟರು. ಇಟ್ಟಿಗೆ ಹೊತ್ತರು, ಗೋಧಿ ಕೊಯ್ದರು. ಮೈಯ ಕಸುವು ಕುಂದಿದಾಗ ಬೀದಿಯಲ್ಲಿ ಕುಳಿತು ಬೂಟು ಪಾಲಿಶ್ ಮಾಡಿದರು. ಮಗಳಿಗೆ ಮದುವೆಯಾಯಿತು. ಆದರೆ ಅಳಿಯ ಕಾಯಿಲೆ ಬಿದ್ದಾಗ ಆ ಸಂಸಾರದ ಹೊಣೆಯೂ ಇವರ ಹೆಗಲೇರಿತು. ಹೀಗೆ 40ಕ್ಕೂ ಹೆಚ್ಚು ವರ್ಷ!

2015ರಲ್ಲಿ ಈಜಿಪ್ಟ್ ಸರಕಾರ ಅವರನ್ನು ಆದರ್ಶ ತಾಯಿಯೆಂದು ಗೌರವಿಸಿತು. ಪ್ರಶಸ್ತಿ ಸ್ವೀಕರಿಸುವಾಗಲೂ ಅವರ ಮೈಮೇಲಿದ್ದುದು ಗಂಡಸಿನ ಉಡುಪೇ.

ಸೀಸಾರನ್ನು ಹೊಗಳುವುದು ಸುಲಭ. ಆದರೆ ಹಲಾಲಾಗಿ ದುಡಿಯಲು ಹೊರಟ ತಾಯಿಯೊಬ್ಬಳು ತನ್ನ ಹೆಣ್ತನವನ್ನೇ ಮರೆಮಾಚಬೇಕಾಗಿ ಬಂದದ್ದೇಕೆ?

ನಮ್ಮ ನೆರೆಯಲ್ಲೂ ಬೀಡಿ ಸುತ್ತಿ, ಹೊಲಿಗೆ ಯಂತ್ರ ತುಳಿದು ಮಕ್ಕಳನ್ನು ಸಾಕುವ ವಿಧವೆಯರಿದ್ದಾರೆ. ಅವರು ಮನೆಯಿಂದ ಹೊರಟರೆ “ಎಲ್ಲಿಗೆ?” ಎಂದು ವಿಚಾರಿಸಲು ನಾವು ಮರೆಯುವುದಿಲ್ಲ. ಸಹೋದರಿಯರೇ, ಅವರ ಮನೆಯಲ್ಲಿ ಇಂದು ಒಲೆ ಉರಿಯಿತೇ ಎಂದು ಎಂದಾದರೂ ವಿಚಾರಿಸಿದ್ದೇವೆಯೇ?